ಪರ್ಷಿಯನ್ ಮರಿಗೆ ಮುಂಗಡ ಕಳಿಸುವ ಮೊದಲು

ಪುಟ್ಟಿ, ನೀನು ಗ್ರೂಪಿಗೆ ಹಾಕಿದ ಪರ್ಷಿಯನ್ ಬೆಕ್ಕಿನ ಮರಿಯ ಫೋಟೋ ನೋಡಿದೆ. ತುಂಬಾ ಮುದ್ದಾಗಿದೆ. ಆದರೆ ಮರಿಗೆ 6 ವಾರ, ಲಸಿಕೆ ಎಲ್ಲ ಮುಗಿದಿದೆ, ಇವತ್ತೇ ಮುಂಗಡ ಹಾಕಿದರೆ ನಾಳೆ ಮನೆಗೇ ತಂದುಕೊಡುತ್ತಾರಂತೆ ಅಂತ ಬರೆದಿದ್ದೀಯಲ್ಲ, ಅದು ನನಗೆ ಸರಿ ಕಾಣಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

6 ವಾರದ ಮರಿಯನ್ನು ತಾಯಿಯಿಂದ ಬಿಡಿಸಲೇಬಾರದು. ಅದು ತಾನಾಗಿ ತಿನ್ನುತ್ತಿರಬಹುದು, ಪ್ರಶ್ನೆ ಅದಲ್ಲ. ಆಟದಲ್ಲಿ ಎಷ್ಟು ಜೋರಾಗಿ ಕಚ್ಚಬಹುದು, ಉಗುರು ಯಾವಾಗ ಒಳಗೆಳೆದುಕೊಳ್ಳಬೇಕು ಅನ್ನುವುದನ್ನು ಅದು ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ. ಬೇಗ ಬಿಡಿಸಿದ ಮರಿಗಳು ದೊಡ್ಡವಾದ ಮೇಲೆ ಮೈಮೇಲೆ ಬೀಳುವುದು, ಪರಚುವುದು ಜಾಸ್ತಿ. ಬ್ರಿಟನ್ನಿನ ಬೆಕ್ಕು ನೋಂದಣಿ ಸಂಸ್ಥೆ ಜಿಸಿಸಿಎಫ್ 13 ವಾರಕ್ಕೆ ಮುಂಚೆ ಮರಿ ಕೊಡಬೇಡಿ ಅನ್ನುತ್ತದೆ.

ಲಸಿಕೆ ಮುಗಿದಿದೆ ಅನ್ನುವುದೂ ಆಗದ ಮಾತು. ಮೊದಲ ಡೋಸ್ ಕೊಡುವುದೇ 6ರಿಂದ 8 ವಾರಕ್ಕೆ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ 3–4 ವಾರಕ್ಕೊಮ್ಮೆ, 16 ವಾರ ಆಗುವವರೆಗೂ ಕೊಡುತ್ತಾರೆ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇರುವುದು ಕಿಡ್ನಿ ಬಗ್ಗೆ. ಪರ್ಷಿಯನ್ ಬೆಕ್ಕುಗಳಿಗೆ ಪಿಕೆಡಿ ಅಂತ ಒಂದು ವಂಶದ ಕಾಯಿಲೆ ಬರುತ್ತದೆ. ಕಿಡ್ನಿ ತುಂಬಾ ನೀರುಗುಳ್ಳೆಗಳು ಬೆಳೆಯುತ್ತವೆ. ತಂದೆ ತಾಯಿಯಲ್ಲಿ ಒಂದಕ್ಕೆ ಇದ್ದರೂ ಸಾಕು, ಪ್ರತಿ ಮರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮರಿ ಓಡಾಡಿಕೊಂಡು, ತಿಂದುಕೊಂಡು ಚೆನ್ನಾಗಿಯೇ ಇರುತ್ತದೆ. ವರ್ಷಗಳು ಕಳೆದು, ನೀವೆಲ್ಲ ಅದನ್ನು ಮನೆಯ ಮಗುವಿನ ಹಾಗೆ ಹಚ್ಚಿಕೊಂಡಿರುವಾಗ ಕಿಡ್ನಿ ಕೈಕೊಡುತ್ತದೆ. ಗುಣಪಡಿಸುವ ಔಷಧಿ ಇಲ್ಲ. ಆದರೆ ಡಿಎನ್‌ಎ ಟೆಸ್ಟ್ ಇದೆ. ತಂದೆ ತಾಯಿ ಎರಡಕ್ಕೂ ಆ ದೋಷ ಇಲ್ಲ ಅಂತ ರಿಪೋರ್ಟ್ ಬಂದಿದ್ದರೆ ಮರಿಯ ಬಗ್ಗೆ ಆ ಭಯ ಬೇಡ. ಒಳ್ಳೆಯ ಬ್ರೀಡರ್, ಅಂದರೆ ಮರಿ ಮಾಡಿಸಿ ಮಾರುವವರ ಹತ್ತಿರ ಆ ರಿಪೋರ್ಟ್ ಇದ್ದೇ ಇರುತ್ತದೆ, ಕೇಳಿದರೆ ಬೇಜಾರೂ ಮಾಡಿಕೊಳ್ಳುವುದಿಲ್ಲ. ವಂಶಾವಳಿಯ ಸರ್ಟಿಫಿಕೇಟ್ ತೋರಿಸಿದರೆ ಅಷ್ಟಕ್ಕೇ ಒಪ್ಪಬೇಡ. ಅದರಲ್ಲಿ ಅಜ್ಜ ಅಜ್ಜಿ ಯಾರು ಅಂತ ಇರುತ್ತದೆಯೇ ಹೊರತು ಆರೋಗ್ಯದ ವಿಷಯ ಇರುವುದಿಲ್ಲ.

ಮೂಗು ತೀರಾ ಚಪ್ಪಟೆ ಇರುವ ಮರಿಯೂ ಬೇಡ. ಉಸಿರಾಡಲು ಕಷ್ಟಪಡುತ್ತವೆ, ಕಣ್ಣಲ್ಲಿ ಸದಾ ನೀರು ಸೋರುತ್ತದೆ.

ಹಾಗೇ ನಿಮ್ಮಣ್ಣ ಕಿವಿ ಮಡಚಿದ ಸ್ಕಾಟಿಷ್ ಫೋಲ್ಡ್ ತರೋಣ ಅಂದಿದ್ದನಲ್ಲ, ದಯವಿಟ್ಟು ಬೇಡ. ಕಿವಿ ಮಡಚಲು ಕಾರಣವಾದ ದೋಷವೇ ಮೈಯ ಮೂಳೆ, ಕೀಲುಗಳಲ್ಲೂ ಇರುತ್ತದೆ. ಪಾಪ, ಎಷ್ಟೋ ಬೆಕ್ಕುಗಳು ಜೀವನಪೂರ್ತಿ ನೋವು ತಿನ್ನುತ್ತವೆ.

ಇನ್ನೊಂದು. ಮನೆಗೆ ತಂದುಕೊಡುತ್ತೇವೆ ಅಂದರೆ ಒಪ್ಪಬೇಡ, ನೀನೇ ಅಲ್ಲಿಗೆ ಹೋಗು. ತಾಯಿ ಬೆಕ್ಕು ಅಲ್ಲಿರಬೇಕು, ಜನರನ್ನು ಕಂಡರೆ ಹೆದರಿ ಓಡಬಾರದು. ಒಳ್ಳೆಯ ಬ್ರೀಡರ್ ನಿನ್ನನ್ನೂ ಹತ್ತು ಪ್ರಶ್ನೆ ಕೇಳುತ್ತಾರೆ, ಹಗಲಲ್ಲಿ ಮನೆಯಲ್ಲಿ ಯಾರಿರುತ್ತಾರೆ, ದಿನಾ ಕೂದಲು ಬಾಚುವವರು ಯಾರು ಅಂತ. ಮುಂದೆ ಸಾಕಲು ಆಗದಿದ್ದರೆ ನಮಗೇ ವಾಪಸ್ ಕೊಡಿ ಅಂತ ಬರೆಸಿಕೊಳ್ಳುವವರೂ ಇದ್ದಾರೆ. ಅಂಥವರು ಸಿಕ್ಕರೆ ತಿಂಗಳುಗಟ್ಟಲೆ ಕಾಯಬೇಕಾದರೂ ಪರವಾಗಿಲ್ಲ.

ಇವತ್ತೇ ಆ ಮರಿ ಮಾರುವವರಿಗೆ ಫೋನ್ ಮಾಡಿ ತಂದೆ ತಾಯಿಯ ಡಿಎನ್‌ಎ ರಿಪೋರ್ಟ್ ಕೇಳು. ನೋಡಲು ಬನ್ನಿ ಅಂದರೆ ಯಾವ ದಿನ ಅಂತ ತಿಳಿಸು, ನಾನೂ ಬರುತ್ತೇನೆ. ಅಲ್ಲಿಯವರೆಗೆ ದುಡ್ಡು ಮಾತ್ರ ಕಳಿಸಬೇಡಮ್ಮ.