ಸಹಾಯ ಬೇಕು: ಅಂಟುಬಲೆಯ ಥ್ರಿಪ್ಸ್‌ನಿಂದ ಡಿಎನ್‌ಎ, ಹುಳು ಹಾಳಾಗಬಾರದು

ಥ್ರಿಪ್ಸ್ ನುಸಿ ಎಂಬ ಅತಿ ಚಿಕ್ಕ ಕೀಟವನ್ನು ಅರೆಯದೆ ಡಿಎನ್‌ಎ ತೆಗೆದು, ಆಮೇಲೆ ಅದೇ ಹುಳುವನ್ನು ಸ್ಲೈಡ್ ಮಾಡಿ ಮೀಸೆಯ ಗೆಣ್ಣು, ರೆಕ್ಕೆಯ ರೋಮ ಎಣಿಸಬೇಕು. ಎರಡೂ ಒಂದೇ ಹುಳುವಿನಿಂದ ಬಂದರೇನೇ ಗುರುತಿಗೆ ಬೆಲೆ.

ಈಗಿನ ಕ್ರಮ: ಹೊಟ್ಟೆಯ ಪಕ್ಕಕ್ಕೆ ಸಣ್ಣ ಸೂಜಿಯಿಂದ ಒಂದು ತೂತು, 180 ಮೈಕ್ರೋಲೀಟರ್ ಲೈಸಿಸ್ ಬಫರ್ (ಜೀವಕೋಶ ಒಡೆಯುವ ದ್ರಾವಣ), 20 ಮೈಕ್ರೋಲೀಟರ್ ಪ್ರೋಟೀನೇಸ್ ಕೆ (ಪ್ರೋಟೀನ್ ಕರಗಿಸುವ ಕಿಣ್ವ), 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ. ಅಲುಗಾಡಿಸುವುದಿಲ್ಲ, ಕಾಲು ಕಳಚುತ್ತವೆ. ದ್ರವ ಮಾತ್ರ ಡಿಎನ್‌ಎ ಹಿಡಿದಿಡುವ ಕಾಲಂಗೆ, ಹುಳು 70% ಎಥನಾಲ್‌ಗೆ. ಕೊನೆಗೆ ಕಾಲಂನಿಂದ ಡಿಎನ್‌ಎಯನ್ನು 30 ಮೈಕ್ರೋಲೀಟರ್‌ನಲ್ಲಿ ಇಳಿಸುತ್ತೇವೆ. ಇಷ್ಟು ಚಿಕ್ಕ ಜೀವಿಗೆ 200 ಮೈಕ್ರೋಲೀಟರ್‌ನಲ್ಲಿ ಇಳಿಸಿದರೆ ಡಿಎನ್‌ಎ ತೀರಾ ತೆಳು.

95% ಎಥನಾಲ್‌ನಲ್ಲಿ ತಣ್ಣಗಿಟ್ಟವುಗಳಲ್ಲಿ ಪಿಸಿಆರ್ (ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಮಾಡಿದಾಗ, ಪ್ರಭೇದ ಗುರುತಿಸಲು ಬಳಸುವ ಸಿಒಐ ಜೀನಿನ 658 ಬೇಸ್ ತುಂಡು ಸ್ಪಷ್ಟವಾಗಿ ಬರುತ್ತಿದೆ. ಅಂಟುಬಲೆಯಿಂದ ಬಿಡಿಸಿದವುಗಳಲ್ಲಿ ಮಾತ್ರ ಜೆಲ್ ಮೇಲೆ ಮಬ್ಬು ಗೆರೆ, ಇಲ್ಲವೇ ಖಾಲಿ. ಡಿಎನ್‌ಎಯನ್ನು 10 ಪಟ್ಟು ತೆಳು ಮಾಡಿದಾಗ ಕೆಲವು ಬಂದವು. ಹಾಗಾಗಿ ಡಿಎನ್‌ಎ ಚೂರಾಗಿರುವುದಕ್ಕಿಂತ ಅಂಟೇ ಪಿಸಿಆರ್ ತಡೆಯುತ್ತಿದೆ ಎಂಬ ಅನುಮಾನ ಜಾಸ್ತಿ.

ಅಂಟು ಬಿಡಿಸಲು ಯಾವ ದ್ರಾವಕ, ಎಷ್ಟು ನಿಮಿಷ, ಆಮೇಲೆ ಎಥನಾಲ್‌ನಲ್ಲಿ ಎಷ್ಟು ಸಲ ತೊಳೆಯುತ್ತೀರಿ? ಥ್ರಿಪ್ಸ್‌ಗೆ ಒಪ್ಪುವ ಮಿನಿ ಬಾರ್‌ಕೋಡ್ (ಅದೇ ಜೀನಿನ ಇನ್ನೂ ಚಿಕ್ಕ ತುಂಡು) ಪ್ರೈಮರ್ ಬಳಸಿದವರಿದ್ದರೆ ಅನೀಲಿಂಗ್ ಉಷ್ಣತೆಯನ್ನೂ (ಪ್ರೈಮರ್ ಡಿಎನ್‌ಎಗೆ ಅಂಟುವ ಉಷ್ಣತೆ) ದಯವಿಟ್ಟು ತಿಳಿಸಿ.