ಅಪ್‌ಡೇಟ್: ಹಳೆಯ ಟೂರಿಂಗ್ ಬೈಕ್ ಸದ್ಯಕ್ಕೆ ಮಾರುತ್ತಿಲ್ಲ

ನನ್ನ ಹಳೆಯ ಟೂರಿಂಗ್ (ದೂರ ಪ್ರಯಾಣದ) ಬೈಕ್ ಇಟ್ಟುಕೊಳ್ಳಲಾ, ಹೊಸದು ತಗೊಳ್ಳಲಾ ಎಂದು ನಿಮ್ಮನ್ನೆಲ್ಲ ಕೇಳಿದ್ದೆ. ಮೊದಲು ಎಂಜಿನ್ ಚೆಕ್ ಮಾಡಿಸಿ ಎಂದಿದ್ದಿರಿ, ಮಾಡಿಸಿದೆ. ಎಂಜಿನ್‌ನ ಎರಡೂ ಸಿಲಿಂಡರ್‌ಗಳ ಕಂಪ್ರೆಷನ್ (ಒಳಗಿನ ಒತ್ತಡ) ಹೆಚ್ಚುಕಡಿಮೆ ಒಂದೇ ಇದೆ. ಬ್ಯಾಟರಿ ಚಾರ್ಜಿಂಗ್ 14 ವೋಲ್ಟ್ ಆಸುಪಾಸು ಬರುತ್ತಿದೆ, ಅಂದರೆ ಸರಿಯಾಗಿದೆ. ತುಂಬಾ ಸಮಾಧಾನವಾಯಿತು.

ತೊಂದರೆ ಇದ್ದದ್ದು ರಬ್ಬರಿನಲ್ಲಿ. ಮುಂದಿನ ಫೋರ್ಕ್‌ನ (ಮುಂಚಕ್ರ ಹಿಡಿದಿರುವ ಶಾಕ್ ಅಬ್ಸಾರ್ಬರ್) ಎಣ್ಣೆ ತಡೆಯುವ ಸೀಲ್ ಸೋರುತ್ತಿತ್ತು, ಬ್ರೇಕ್ ಹೋಸ್ (ಬ್ರೇಕ್ ಎಣ್ಣೆ ಹೋಗುವ ಕೊಳವೆ) ಬಿರುಕು ಬಿಟ್ಟಿತ್ತು. ಟೈರ್ ಸವೆದಿರಲಿಲ್ಲ, ಆದರೆ ಪಕ್ಕದಲ್ಲಿ 2315 ಎಂದಿತ್ತು. ಅಂದರೆ 2015ರ 23ನೇ ವಾರದಲ್ಲಿ ತಯಾರಾದದ್ದು, ಅಷ್ಟು ಹಳೆಯ ರಬ್ಬರ್! ನೀವೂ ಒಮ್ಮೆ ನೋಡಿಕೊಳ್ಳಿ. ಎಲ್ಲ ಬದಲಾಯಿಸಿದ ಮೇಲೆ ತಿರುವುಗಳಲ್ಲಿ ಎಷ್ಟು ಹಗುರವಾಗಿ ವಾಲುತ್ತದೆ ಗೊತ್ತಾ!

ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ ಅನ್ನೋ ಚಿಂತೆ ಮಾತ್ರ ಉಳಿದಿದೆ. ಮಳೆಯಲ್ಲಿ ದೂರ ಹೋಗುವವರಿಗೆ ಅದು ಸಣ್ಣ ವಿಷಯ ಅಲ್ಲ, ಅಲ್ವಾ? ಮುಂದೆ ಬೈಕ್ ಬದಲಾಯಿಸಿದರೆ ಅದಕ್ಕಾಗಿಯೇ, ಸುಮ್ನೆ ಓಡಿದ ಕಿಲೋಮೀಟರ್ ಜಾಸ್ತಿ ಆಯಿತು ಎಂದಲ್ಲ.