ಹುರುಳಿ ಕಟ್ಟು, ಟೆಸ್ಟೋಸ್ಟೆರಾನ್, ಮೈಕಟ್ಟು

ಪ್ರಶ್ನೆ (ಹಾಸನ): ವಯಸ್ಸು 29, ತೂಕ 70 ಕೆಜಿ. ಊಟ ಮುದ್ದೆ, ಹುರುಳಿ ಕಟ್ಟಿನ ಸಾರು. ಮೈ ಕಟ್ಟೋಕೆ ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನ್) ಗುಳಿಗೆ ಬೇಕಾ?

ಉತ್ತರ: ಬೇಡ ಸಾರ್. ಹಾರ್ಮೋನ್ ಕಮ್ಮಿ ಇದೆ ಅನ್ನೋ ಅನುಮಾನ ಇದ್ರೆ ರಕ್ತ ಪರೀಕ್ಷೆ ಮಾಡಿಸಿ, ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೇಲಿ. ಸಂಜೆ ಕೊಟ್ರೆ ಸಹಜವಾಗೇ ಕಮ್ಮಿ ಬರುತ್ತೆ, ಸುಮ್ನೆ ಗಾಬರಿ. ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕೆಳಗಿದ್ರೆ ಇನ್ನೊಂದು ದಿನ ಮತ್ತೆ ಮಾಡಿಸಿ, ಆಮೇಲೆ ಡಾಕ್ಟರ್.

ಉತ್ತರ: ಬರೀ ಕಟ್ಟು ಉಂಡ್ರೆ ಪ್ರೋಟೀನ್ ಬಹುಪಾಲು ಕಾಳಲ್ಲೇ ಉಳಿಯುತ್ತೆ! ಬೆಂದ ಕಾಳನ್ನೂ ಪಲ್ಯ ಮಾಡ್ಕೊಂಡು ತಿನ್ನಿ. 100 ಗ್ರಾಂ ಒಣ ಹುರುಳೀಲಿ ಸುಮಾರು 22 ಗ್ರಾಂ ಇದೆ. ಮೈ ಕಟ್ಟೋಕೆ ನಿಮಗೆ ದಿನಕ್ಕೆ ಸುಮಾರು 110 ಗ್ರಾಂ ಪ್ರೋಟೀನ್ ಬೇಕು. ಮೊಟ್ಟೆ ಹಳದಿ ಬಿಸಾಡ್ಬೇಡಿ, ಕೊಬ್ಬು ತೀರಾ ಬಿಟ್ರೆ ಹಾರ್ಮೋನ್ ಇಳಿಯಬಹುದು.

ಉತ್ತರ: ನಿದ್ದೆ 7 ಗಂಟೆ. ಸ್ಕ್ವಾಟ್ ವಾರಕ್ಕೆ 2 ದಿನ ಸಾಕು. ಜಿಮ್ಮಲ್ಲಿ ಯಾರಾದ್ರೂ ಇಂಜೆಕ್ಷನ್ ಅಂದ್ರೆ ಎದ್ದು ಬನ್ನಿ: ಹೊರಗಿನ ಹಾರ್ಮೋನ್ ಸಿಕ್ರೆ ಬೀಜ (ವೃಷಣ) ತನ್ನ ಕೆಲಸ ನಿಲ್ಸುತ್ತೆ, ವೀರ್ಯಾಣು ಕುಸಿಯುತ್ತೆ.